ಕಾಲಮೇಲೆ ಕಾಲು

ಮೂಳೆ ನೋಡಿ ಸತ್ತವರ ಗುರುತು ಹಿಡಿಯುವುದು ನನ್ನ ಕೆಲಸ. ಅಂದು ಬಂದ ಗುರುತು ಸಿಗದ ಅಸ್ಥಿಪಂಜರವನ್ನು ಮೇಜಿನ ಮೇಲೆ ನೆಟ್ಟಗೆ ಜೋಡಿಸಿ, ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಎಡಗಾಲಿನ ಮೂಳೆಗಳು ಬಲಗಾಲಿನ ಮೇಲೆ! ಸರಿಪಡಿಸಿ, ಕೈ ತೊಳೆದು ತಿರುಗುವಷ್ಟರಲ್ಲಿ ಮತ್ತೆ ಹಾಗೇ. ಉಕ್ಕಿನ ಮೇಜು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.

ಕಾಣೆಯಾದ ಗಂಡನನ್ನು ಹುಡುಕುತ್ತಿದ್ದ ಅಜ್ಜಿ ಸಂಜೆ ಬಂದರು. ಅವರು ತಂದ ಹಳೆ ಎಕ್ಸ್‌ರೇ, ಅಸ್ಥಿಪಂಜರದ ಎಡಗಾಲು ಮುರಿದು ಕೂಡಿದ್ದ ಗುರುತಿಗೆ ತಾಳೆಯಾಯಿತು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು.

"ಇವ್ರೇ ಕಣಮ್ಮಾ! ನನ್ನ ಮೆಚ್ಚಿಸೋಕೆ ಕೈಬಿಟ್ಟು ಸೈಕಲ್ ಹೊಡೆದು ಬಿದ್ದಿದ್ರು. ಅಂತೂ ಸಿಕ್ಕಿದ್ರಲ್ಲ!"

ನಾನೂ ನಕ್ಕೆ. ಮೇಜಿನ ವಿಷಯ ಹೇಳಲಿಲ್ಲ. ಒಂದೊಂದು ಮೂಳೆಯನ್ನೂ ಬೇರೆಬೇರೆ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಕೊಟ್ಟೆ.

ಮರುದಿನ ಅಜ್ಜಿಯ ಫೋನ್ ಬಂತು, ದನಿಯ ತುಂಬ ಸಂಭ್ರಮ.

"ಪೆಟ್ಟಿಗೆ ತೆಗೆದೆ ಕಣಮ್ಮಾ. ಅವ್ರು ಮಲಗ್ತಿದ್ದ ಹಾಗೇ ಕಾಲಮೇಲೆ ಕಾಲು ಹಾಕಿ ಮಲಗಿಸಿದ್ದೀಯಲ್ಲ, ನಿಂಗೆ ಹೇಗೆ ಗೊತ್ತಾಯ್ತು?"