ಗುರುತಿಲ್ಲದ ಚಂದ್ರಕಾಂತ

ಟಿಕ್...

ಅಷ್ಟೇ ಸದ್ದು. ಹರಳು ಕೂರಿಸುವವನ ಕೈಯಲ್ಲಿದ್ದ ಚಂದ್ರಕಾಂತದ ಹರಳು ಉಂಗುರದಲ್ಲೇ ಎರಡು ಹೋಳಾಯಿತು.

ಕೋಣೆಯ ಈ ತುದಿಯಲ್ಲಿ ಹರಳು ಉಜ್ಜುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. ಆ ಕಲ್ಲನ್ನು ಉಜ್ಜಿ ಕೊಟ್ಟವಳು ಅವಳೇ!

ಚಂದ್ರಕಾಂತ, ಸೂರ್ಯಕಾಂತ, ಹಸಿರು ಅಮೆಜೋನೈಟ್, ಓರೆಯಾಗಿಸಿದರೆ ನೀಲಿ ಮಿನುಗುವ ಲ್ಯಾಬ್ರಡೊರೈಟ್... ಎಲ್ಲವೂ ಫೆಲ್ಡ್‌ಸ್ಪಾರ್ ಎಂಬ ಖನಿಜದ ಮನೆತನದ ಅಕ್ಕತಂಗಿಯರು. ರೂಪ ಬೇರೆ, ಹಟ ಒಂದೇ. ಕಲ್ಲು ಸುಲಭವಾಗಿ ಸೀಳುವ ದಿಕ್ಕಿಗೆ ಪೆಟ್ಟು ಬಿದ್ದರೆ ಮುಗಿಯಿತು. ಅದಕ್ಕೇ ಆ ಅಂಗಡಿಯಲ್ಲಿ ಉಜ್ಜುವವರು ಕಲ್ಲಿನ ಬೆನ್ನಿಗೆ ಪೆನ್ಸಿಲ್ ಗೆರೆ ಎಳೆದು ಆ ದಿಕ್ಕನ್ನು ತೋರಿಸಿ ಕೊಡಬೇಕು.

ನಾನು ಗೆರೆ ಎಳೆದೆನಾ...? ಇಲ್ಲ. ಎಳೆದಿರಲಿಲ್ಲ.

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಎದ್ದು ನಿಂತ.

"ಯಜಮಾನ್ರೇ, ತಪ್ಪು ನಂದು."

"ಅಬ್ಬಾ, ನಮ್ಮ ಮೌನಿ ಬಾಯಿ ಬಿಟ್ಟ! ಅದಕ್ಕೊಂದು ಕಲ್ಲೇ ಒಡೀಬೇಕಿತ್ತೇನಯ್ಯಾ?"

"ಗೆರೆ ಹಾಕೋದು ಮರೆತವಳು ನಾನು," ಎಂದಳು ಅವಳು.

"ನಂದು ನಂದು ಅಂತ ಕಿತ್ತಾಡಿದ್ರೆ ಕಲ್ಲು ಕೂಡ್ಕೊಳ್ಳುತ್ತಾ? ಇನ್ನೊಂದು ಉಜ್ಜಮ್ಮಾ. ನಾಡಿದ್ದು ಕೊಡಬೇಕು."

ನನ್ನ ತಪ್ಪು ಹೊರೋಕೆ ಇವನ್ಯಾರು? ಅಣ್ಣನ ಮನೆಯಲ್ಲಿ ಕನಿಕರದ ತುತ್ತು ತಿಂದು ಬೆಳೆದವಳಿಗೆ ಕನಿಕರವೆಂದರೆ ಮೈ ಉರಿಯುತ್ತಿತ್ತು. ಅದೂ ಇವನಿಂದ! ಇವನು ಒಮ್ಮೆ ಕಣ್ಣೆತ್ತಿ ನೋಡಲಿ ಎಂದು ಮೂರು ವರ್ಷದಿಂದ ಕಾಯುತ್ತಿದ್ದಳಲ್ಲ...

ಬಹಳ ದಿನಗಳಿಂದ ಕೆಲಸಕ್ಕೆ ಕರೆಯುತ್ತಿದ್ದ ಎದುರು ಬೀದಿಯ ಹರಳಿನ ಅಂಗಡಿಗೆ ಅವಳು ಅಂದೇ ಮಾತು ಕೊಟ್ಟು ಬಂದಳು.

ಮರುದಿನ ಹೊಸ ಕಲ್ಲನ್ನು ಅವನ ಮೇಜಿನ ಮೇಲಿಟ್ಟಳು.

"ಸೋಮವಾರದಿಂದ ನಾನು ಎದುರು ಬೀದಿಯಲ್ಲಿ. ನಿಮ್ಮ ಕನಿಕರಕ್ಕೊಂದು ದೊಡ್ಡ ನಮಸ್ಕಾರ."

ಅವನ ಸುತ್ತಿಗೆ ನಿಂತಿತು.

"ಕನಿಕರ ಎಲ್ಲಿಂದ ಬಂತು? ಗೆರೆ ಇಲ್ಲ ಅನ್ನೋದನ್ನ ನಾನು ಮೊದಲೇ ನೋಡಿದ್ದೆ."

"ನೋಡಿ...? ಬಂದು ಕೇಳಬಾರ್ದಿತ್ತಾ? ಹತ್ತು ಹೆಜ್ಜೆ!"

"ಎರಡು ಸಲ ಎದ್ದೆ. ಹತ್ರ ಬಂದ್ರೆ ಬೇರೆ ಏನೋ ಕೇಳಿಬಿಡ್ತೀನಿ ಅಂತ ಭಯ ಆಯ್ತು. ಕೂತು ಅಂದಾಜಿನ ಮೇಲೆ ಹೊಡೆದೆ."

"ಬೇರೆ ಏನು?"

ಅವನು ಸುತ್ತಿಗೆಯನ್ನು ಮೇಜಿನ ಮೇಲಿಟ್ಟ.

ಹೇಳೋ ಮಾರಾಯ, ಇವತ್ತಾದ್ರೂ ಹೇಳು... ಎಂದುಕೊಂಡಳು ಅವಳು.

"ನನ್ನ ಮದುವೆ ಆಗ್ತೀರಾ ಅಂತ."

ಒಳಕೋಣೆಯಿಂದ ಯಜಮಾನರ ದನಿ ಬಂತು. "ಇದನ್ನೇ ಮೊದಲು ಕೇಳಿದ್ರೆ ನನ್ನ ಕಲ್ಲು ಉಳೀತಿತ್ತು!"

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಅಲ್ಲಿ ಮಾತು ಕೊಟ್ಟಾಗಿದೆ. ಸೋಮವಾರ ಹೋಗಲೇಬೇಕು."

"ಹೋಗಿ. ಸಂಜೆ ಎಷ್ಟಕ್ಕೆ ಬಿಡ್ತಾರೆ?"

"ಆರಕ್ಕೆ."

"ಬಾಗಿಲಲ್ಲಿ ನಿಂತಿರ್ತೀನಿ."

"ಆರೂ ಹತ್ತಕ್ಕೆ ಬನ್ನಿ. ಕೈಗೆ ಮೆತ್ತಿದ ಕಲ್ಲಿನ ಪುಡಿ ತೊಳ್ಕೋಬೇಕಲ್ಲ..."

"ತೊಳೀದೇ ಇದ್ರೂ ಹಿಡ್ಕೊಳ್ತೀನಿ."