ಡ್ರೈಯರ್ ಕೆಳಗೆ ಆಡಿಸಿದ ತಲೆ

ಬ್ಯೂಟಿ ಪಾರ್ಲರಿನ ಬಾಗಿಲು ತೆರೆದುಕೊಂಡಾಗ ಡೆಲ್ಫೀನಳ ಅರ್ಧ ತಲೆಗೆ ಮಾತ್ರ ರಾಡು ಸುತ್ತಿ ಆಗಿತ್ತು.

ನೇರಳೆ, ಕೆಂಪು, ಹಸಿರು... ಕೂದಲನ್ನು ಸುರುಳಿ ಮಾಡುವ, ಗೇಣುದ್ದದ ಮೆತ್ತನೆಯ ರಾಡುಗಳು. ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುವಂಥವು. ಒದ್ದೆ ಕೂದಲಿನ ಒಂದೊಂದು ಎಳೆಗೂ ನೊರೆ ಹಚ್ಚಿ, ತುದಿಯಿಂದ ಬುಡದವರೆಗೆ ಬಳ್ಳಿಯಂತೆ ಸುತ್ತಿ, ರಾಡಿನ ತುದಿಗಳನ್ನು ಮಡಿಸಿ ಬಿಡುತ್ತಿದ್ದರು ಪಾರ್ಲರಿನ ಒಡತಿ ಮಿಸ್ ಅರ್ನೆಸ್ಟಿನ್. ಆ ಊರಲ್ಲಿ ಮದುವೆಯಾದ ಹಿರಿಯ ಹೆಂಗಸರೂ ‘ಮಿಸ್’ಗಳೇ. ಇನ್ನರ್ಧ ತಲೆಯ ಉದ್ದ ಕೂದಲು ಹೆಗಲ ಮೇಲೆ ನೀರು ಇಳಿಸುತ್ತಿತ್ತು.

ಬಾಗಿಲಲ್ಲಿ ಒಬ್ಬ ಎತ್ತರದ ಹುಡುಗ. ಎರಡೂ ಕೈಯಲ್ಲಿ ಮುಚ್ಚಿದ ಊಟದ ಪೊಟ್ಟಣಗಳು. ಕರಿದ ಮೀನಿನ ವಾಸನೆ ಅವನಿಗಿಂತ ಮೊದಲು ಒಳಗೆ ಬಂದಿತ್ತು.

ಡೆಲ್ಫೀನ್ ಟವೆಲ್‌ಗೆ ಕೈ ಹಾಕಿದಳು. ಅಷ್ಟರಲ್ಲಿ ಅವನು ನೋಡಿಬಿಟ್ಟಿದ್ದ.

‘ಅಯ್ಯೋ ದೇವರೇ... ತಲೆಯ ತುಂಬ ಕೊಂಬು ಇಟ್ಟುಕೊಂಡು ಕೂತಿದ್ದೇನೆ!’

"ಮುಚ್ಕೋಬೇಡಿ," ಎಂದ ಅವನು, ತುಂಬ ಗಂಭೀರವಾಗಿ. "ಚೆನ್ನಾಗಿದೆ. ಹಾಗೇ ಬಿಡಿ."

ಪಾರ್ಲರ್ ಪೂರ್ತಿ ನಕ್ಕಿತು. ಇಡೀ ತಲೆ ಮುಚ್ಚುವ ಡ್ರೈಯರ್ ಕೆಳಗಿದ್ದ ಮುದುಕಿ ಮಿಸ್ ಓಪಲ್ ಕೂಡ, ಏನೂ ಕೇಳಿಸದಿದ್ದರೂ, ಎಲ್ಲರನ್ನೂ ನೋಡಿ ನಕ್ಕರು.

"ಹಾಗೇ ಬಿಡಬೇಕಂತೆ," ಎಂದರು ಮಿಸ್ ಅರ್ನೆಸ್ಟಿನ್. "ಲೋ ತಮ್ಮಾ, ಇದು ಒಣಗಿ ಬಿಚ್ಚಿದ ಮೇಲೆ ನೋಡ್ಬೇಕು. ಈಗ ಮೀನು ಇಟ್ಟು ಹೊರಡು."

ಅವನ ಹೆಸರು ಕಾರ್ನೆಲ್. ಬೀದಿಯ ತುದಿಯಲ್ಲಿ ಅವನ ಸೋದರಮಾವನ ಮೀನಿನ ಅಡುಗೆಮನೆ. ಅಮೆರಿಕದ ಮೊಬೀಲ್ ಊರಿನ ಆ ಬೀದಿಯಲ್ಲಿ ಶುಕ್ರವಾರ ಯಾರೂ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಅಲ್ಲಿಂದಲೇ ಮಲೆಟ್ ಮೀನು, ಗ್ರಿಟ್ಸ್ ಎಂಬ ಮೆಕ್ಕೆಜೋಳದ ಗಂಜಿ, ಅದರದ್ದೇ ಹಿಟ್ಟಿನ ಬೋಂಡ ಬರುತ್ತಿದ್ದವು.

ಅವನು ಹೋದ ಮೇಲೆ ಡೆಲ್ಫೀನ್ ಪೊಟ್ಟಣ ಬಿಚ್ಚಿದಳು. ಬೇರೆಯವರಿಗೆ ಎರಡು ಬೋಂಡ. ಅವಳಿಗೆ ಮೂರು!

ಮೂರನೆಯದನ್ನು ಅವಳು ಕೊನೆಗೆ ಉಳಿಸಿಕೊಂಡಳು.

ಡೆಲ್ಫೀನ್ ಆ ಪಾರ್ಲರ್‌ನಲ್ಲಿ ತಲೆ ತೊಳೆಯುವವಳು. ಶಾಲೆ ಬೇಗ ಬಿಟ್ಟವಳು. ಮಾತು ಅವಳಿಗೆ ಯಾವತ್ತೂ ಬೇಕಾದ ಹೊತ್ತಿಗೆ ಬರುತ್ತಿರಲಿಲ್ಲ. ‘ನೀರು ಬಿಸಿ ಸಾಕಾ’ ಎಂದು ಕೇಳುವುದೊಂದು ಬಿಟ್ಟರೆ ಉಳಿದದ್ದಕ್ಕೆಲ್ಲ ತಲೆಯಾಡಿಸಿ ನಗುತ್ತಿದ್ದಳು. ಜನ ಅದನ್ನು ಒಪ್ಪಿಗೆ ಎಂದುಕೊಂಡು ಹೋಗುತ್ತಿದ್ದರು. ಒಮ್ಮೊಮ್ಮೆ ಅದು ಒಪ್ಪಿಗೆಯೇ ಆಗಿರುತ್ತಿತ್ತು. ಒಮ್ಮೊಮ್ಮೆ ಇರುತ್ತಿರಲಿಲ್ಲ.

ಕಾರ್ನೆಲ್ ಪ್ರತಿ ಶುಕ್ರವಾರ ಬಂದ. ಮಾರ್ಡಿ ಗ್ರಾ ಹಬ್ಬದ ಮೆರವಣಿಗೆ ಮುಗಿದ ವಾರ, ಗಾಡಿಯ ಮೇಲಿಂದ ಎಸೆದದ್ದನ್ನು ಹಾರಿ ಹಿಡಿದೆ ಎಂದು ಮೂನ್ ಪೈ ಎಂಬ ಒಂದು ಸಿಹಿ ಬಿಸ್ಕತ್ತು ತಂದುಕೊಟ್ಟ. ಜೇಬಿನಲ್ಲಿ ಚಪ್ಪಟೆಯಾಗಿತ್ತು.

"ಸ್ವಲ್ಪ ನುಜ್ಜುಗುಜ್ಜಾಗಿದೆ. ಹಿಡಿಯೋವಾಗ ಒಬ್ಬ ಅಜ್ಜಿ ಜೊತೆ ಜಗಳ ಆಯ್ತು."

"ಯಾರು ಗೆದ್ರು?" ಎಂದು ಕೇಳಿದಳು ಡೆಲ್ಫೀನ್. ತಾನೇ ಕೇಳಿದೆನಾ ಎಂದು ಅವಳಿಗೇ ಆಶ್ಚರ್ಯ.

"ಅಜ್ಜಿ ಗೆದ್ದಳು. ಆಮೇಲೆ ಪಾಪ ಅಂತ ನಂಗೆ ಕೊಟ್ಟಳು."

ಅವಳು ಆ ದಿನವೆಲ್ಲ ತಲೆ ತೊಳೆಯುತ್ತ ನಗುತ್ತಿದ್ದಳು.

ಅವರಿಬ್ಬರದ್ದೂ ಒಂದೇ ಚರ್ಚ್. ಅಲ್ಲಿ ಯಾರ ಬೆಂಚು ಯಾರದ್ದು ಎಂದು ಬರೆದಿಟ್ಟಿಲ್ಲವಾದರೂ ಎಲ್ಲರಿಗೂ ಗೊತ್ತು. ಮದುವೆಯಾಗದ ಹುಡುಗ ಈಸ್ಟರ್ ಬೆಳಿಗ್ಗೆ ಒಂದು ಮನೆಯವರ ಬೆಂಚಿನಲ್ಲಿ ಹೋಗಿ ಕೂತನೆಂದರೆ ಆ ಮನೆಯ ಹುಡುಗಿಯ ಜೊತೆ ಮದುವೆ ಮಾತು ಶುರುವಾಯಿತೆಂದೇ ಲೆಕ್ಕ. ಪಾಸ್ಟರ್ ಕೂಡ ಪ್ರವಚನದ ನಡುವೆ ಒಮ್ಮೆ ಅತ್ತ ನೋಡಿ ಮುಗುಳ್ನಗುತ್ತಾರೆ.

‘ಈ ಈಸ್ಟರ್‌ಗೆ ಅವನು ನನ್ನ ಪಕ್ಕ ಬಂದು ಕೂತರೆ...’

ಅದಕ್ಕಿಂತ ಮುಂದೆ ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಈಸ್ಟರ್ ಹಿಂದಿನ ಶನಿವಾರ ಪಾರ್ಲರ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ತಲೆ ಮುಗಿಸಿ ಕೊನೆಗೆ ಮಿಸ್ ಅರ್ನೆಸ್ಟಿನ್ ಡೆಲ್ಫೀನಳ ಕೂದಲಿಗೆ ರಾಡು ಸುತ್ತಿ, ಡ್ರೈಯರ್‌ನ ಗುಮ್ಮಟವನ್ನು ಅವಳ ತಲೆಯ ಮೇಲೆ ಇಳಿಸಿದರು.

"ಒಣಗೋವರೆಗೂ ಕದಲಬೇಡ. ಹಸಿ ಇರುವಾಗ ಬಿಚ್ಚಿದ್ರೆ ಸುರುಳಿ ನಿಲ್ಲಲ್ಲ, ಹತ್ತಿ ಹಿಂಜಿದ ಹಾಗಾಗುತ್ತೆ."

ಆಮೇಲೆ ಕಿವಿಯ ಸುತ್ತ ಬಿಸಿ ಗಾಳಿಯ ಮೊರೆತ ಮಾತ್ರ. ಗುಮ್ಮಟದೊಳಗೆ ಕೂತವಳಿಗೆ ಹೊರಗಿನ ಲೋಕ ಶಬ್ದವಿಲ್ಲದ ಚಿತ್ರ. ಯಾರಾದರೂ ನೋಡಿ ಬಾಯಿ ಆಡಿಸಿದರೆ ತಲೆಯಾಡಿಸಿ ನಗುವುದು ಅಲ್ಲಿನ ಹೆಂಗಸರ ಅಭ್ಯಾಸ. ಆ ತಲೆಯಾಡಿಸುವಿಕೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಕಣ್ಣೆತ್ತಿದರೆ... ಮುಂದೆ ಕಾರ್ನೆಲ್!

ಶನಿವಾರ ಅವನು ಯಾಕೆ ಬಂದ? ಕೈಯಲ್ಲಿ ಊಟವಿಲ್ಲ. ಟೋಪಿ ತೆಗೆದು ಹಿಡಿದುಕೊಂಡಿದ್ದ. ಅದನ್ನು ತಿರುಗಿಸುತ್ತ, ನೆಲ ನೋಡುತ್ತ, ತುಟಿ ಆಡಿಸುತ್ತಿದ್ದ.

ಮತ್ತೆ ರಾಡುಗಳಲ್ಲೇ ಸಿಕ್ಕಿಬಿದ್ದೆ ಎಂಬ ನಾಚಿಕೆ ಒಂದು ಕಡೆ, ಅವನು ಬಂದನಲ್ಲ ಎಂಬ ಸಂತೋಷ ಇನ್ನೊಂದು ಕಡೆ. ಅವಳು ತಲೆಯಾಡಿಸಿದಳು. ನಕ್ಕಳು.

ಅವನು ಏನೋ ಕೇಳಿದಂತಿತ್ತು. ಅವಳು ಇನ್ನೂ ದೊಡ್ಡದಾಗಿ ತಲೆಯಾಡಿಸಿದಳು.

ಅವನ ಮುಖದಿಂದ ಬೆಳಕು ಇಳಿದು ಹೋಯಿತು. ಟೋಪಿ ಹಾಕಿಕೊಂಡ. ಹೊರಟೇಹೋದ.

‘ಏನಾಯಿತು? ಬಂದದ್ದೇಕೆ, ಹೋದದ್ದೇಕೆ?’ ಅವಳು ಗುಮ್ಮಟದೊಳಗೆ ಕೂತು ಬಾಗಿಲನ್ನೇ ನೋಡಿದಳು. ಬಹುಶಃ ಮಾವ ಕರೆದಿರಬೇಕು... ಬಹುಶಃ ಹೆಂಗಸರ ಗುಂಪು ನೋಡಿ ಸಂಕೋಚವಾಗಿರಬೇಕು...

ಈಸ್ಟರ್ ಬೆಳಿಗ್ಗೆ ಅವಳು ಬೆರಳಿಗೆ ಎಣ್ಣೆ ಸವರಿಕೊಂಡು ಒಂದೊಂದೇ ರಾಡನ್ನು ಬಿಚ್ಚಿದಳು. ಉದ್ದನೆಯ ಸುರುಳಿಗಳು ಬೆನ್ನಿನ ಮೇಲೆ ಪುಟಿದು ಇಳಿದವು. ಅವಳನ್ನು ಸಾಕಿದ ವರ್ನಾ ಚಿಕ್ಕಮ್ಮ ಕನ್ನಡಿಯ ಹಿಂದೆ ನಿಂತು, "ಇದೆಲ್ಲ ಯೇಸುಸ್ವಾಮಿಗೇನಾ?" ಎಂದಳು.

ಚರ್ಚಿನಲ್ಲಿ ಡೆಲ್ಫೀನ್ ತನ್ನ ಪಕ್ಕದ ಜಾಗದಲ್ಲಿ ಕೈಚೀಲ ಇಟ್ಟು ಕಾದಳು.

ಕಾರ್ನೆಲ್ ಬಂದ. ತೆಳು ನೀಲಿ ಸೂಟು. ಅವಳ ಬೆಂಚಿನ ಬಳಿ ಬಂದು ನಿಂತ. ಅವಳ ಸುರುಳಿಗಳನ್ನು ನೋಡಿದ, ಅವಳ ಕಣ್ಣನ್ನು ನೋಡಿದ, ಏನನ್ನೋ ಕೇಳುವವನಂತೆ.

ಕೈಚೀಲ ತೆಗೆಯಬೇಕು. ಬಾ ಅನ್ನಬೇಕು. ಅವಳು ತಲೆಯಾಡಿಸಿದಳು, ಅಷ್ಟೇ.

ಅವನು ಮುಂದೆ ನಡೆದ. ಚರ್ಚಿನ ಹಿರಿಯ ಡೀಕನ್ ಟಾಲಿವರ್ ಅವರ ಬೆಂಚಿನಲ್ಲಿ, ಅವರ ಮಗಳು ಬ್ರಿಯೆಲ್‌ಳ ಪಕ್ಕ ಕೂತ.

ಪಾಸ್ಟರ್ ಅತ್ತ ನೋಡಿ ಮುಗುಳ್ನಕ್ಕರು.

ಎಲ್ಲರೂ ಹಾಡಲು ಎದ್ದು ನಿಂತರು. ಡೆಲ್ಫೀನ್ ಕೂಡ ಎದ್ದಳು. ಮೂರು ಬೋಂಡ, ಚಪ್ಪಟೆ ಮೂನ್ ಪೈ, ‘ಹಾಗೇ ಬಿಡಿ’... ಇವೆಲ್ಲ ಏನು ಹಾಗಾದರೆ? ನಾನೇ ಇಲ್ಲದ್ದನ್ನು ಕಟ್ಟಿಕೊಂಡೆನಾ? ಬ್ರಿಯೆಲ್ ಜೊತೆ ಕೂರುವವನು ನನ್ನ ಮುಂದೆ ಬಂದು ನಿಂತದ್ದೇಕೆ?

ಪಕ್ಕದ ಜಾಗದಲ್ಲಿ ಕೈಚೀಲ ಹಾಗೇ ಕೂತಿತ್ತು.

ಮುಂದಿನ ಶುಕ್ರವಾರ ಊಟದ ಪೊಟ್ಟಣ ಹಿಡಿದು ಬಂದದ್ದು ಕಾರ್ನೆಲ್‌ನ ಮಾವ.

"ಹುಡುಗ ಎಲ್ಲಿ?" ಎಂದರು ಮಿಸ್ ಅರ್ನೆಸ್ಟಿನ್, ಡೆಲ್ಫೀನಳ ಕೂದಲಿಗೆ ರಾಡು ಸುತ್ತುತ್ತ. ಅವಳ ಸಪ್ಪೆ ಮುಖ ನೋಡಲಾರದೆ ತಾವೇ ಹಿಡಿದು ಕೂರಿಸಿಕೊಂಡಿದ್ದರು.

"ಒಲೆ ಬಿಟ್ಟು ಕದಲ್ತಿಲ್ಲ ಕಣಮ್ಮ. ನಾನು ಹೋಗಲ್ಲ, ನೀನೇ ಹೋಗು ಅಂದ. ಈ ಭಾನುವಾರ ಟಾಲಿವರ್ ಮನೆಗೆ ಊಟಕ್ಕೆ ಕರೆದಿದ್ದಾರಂತೆ. ಹೋಗಿ ಬಂದ್ರೆ ಆಯ್ತು, ಮಾತು ಆದ ಹಾಗೇ. ಮದುವೆ ಊಟಕ್ಕೆ ಹೋಗೋ ಮುಖಾನಾ ಅದು? ಸೀದ ಮೀನಿನ ಥರ ಇಟ್ಕೊಂಡಿದ್ದಾನೆ."

ಪೊಟ್ಟಣದಲ್ಲಿ ಎರಡೇ ಬೋಂಡವಿತ್ತು. ಡೆಲ್ಫೀನಳ ಕಣ್ಣು ತುಂಬಿತು.

ಭಾನುವಾರ... ಆಮೇಲೆ ಏನೂ ಇಲ್ಲ.

ಮಾವ ಹೋದ ಮೇಲೆ ಮಿಸ್ ಅರ್ನೆಸ್ಟಿನ್ ಅವಳನ್ನು ನಗಿಸಲು ನೋಡಿದರು. ಡ್ರೈಯರ್ ಕೆಳಗೆ ಕೂತ ಮಿಸ್ ಓಪಲ್ ಕಡೆ ತಿರುಗಿ, "ಓಪಲ್, ನಿನ್ನ ತಲೆ ಪೂರ್ತಿ ಬೋಳಿಸಿಬಿಡ್ಲಾ?" ಎಂದರು.

ಮಿಸ್ ಓಪಲ್ ಸಂತೋಷವಾಗಿ ತಲೆಯಾಡಿಸಿದರು.

"ನಿನ್ನ ಗಂಡನ್ನ ನಂಗೆ ಕೊಟ್ಟುಬಿಡ್ತೀಯಾ?"

ಮಿಸ್ ಓಪಲ್ ಇನ್ನೂ ದೊಡ್ಡದಾಗಿ ತಲೆಯಾಡಿಸಿ ನಕ್ಕರು. ಪಾರ್ಲರ್ ಬಿದ್ದು ಬಿದ್ದು ನಕ್ಕಿತು.

ಡೆಲ್ಫೀನ್ ನಗಲಿಲ್ಲ. ಮಿಸ್ ಓಪಲ್ ಅವರ ಮುಖವನ್ನೇ ನೋಡುತ್ತಿದ್ದಳು. ಆ ಗುಮ್ಮಟ... ಆ ನಗು... ಆ ತಲೆ...

"ಮಿಸ್ ಅರ್ನೆಸ್ಟಿನ್," ಎಂದಳು ಮೆಲ್ಲಗೆ. "ಅವತ್ತು ಶನಿವಾರ ಅವನು ಬಂದಿದ್ದ. ನಾನು ಡ್ರೈಯರ್ ಕೆಳಗಿದ್ದೆ. ಏನೋ ಕೇಳಿದ."

"ಏನು ಕೇಳಿದ?"

"ಗೊತ್ತಿಲ್ಲ."

"ನೀನೇನಂದೆ?"

"ತಲೆ ಆಡಿಸಿದೆ."

ರಾಡು ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ಡ್ರೈಯರ್ ಕೆಳಗೆ ಕೂತೋಳ ಹತ್ರ ಯಾರಾದ್ರೂ ಮಾತಾಡ್ತಾರೇನೇ? ಅಷ್ಟೂ ಗೊತ್ತಿಲ್ವಾ ಅವನಿಗೆ?"

"ಅವರ ಮನೇಲಿ ಬರೀ ಗಂಡಸ್ರು. ಮಾವ ಒಬ್ಬ, ಇವನೊಬ್ಬ."

"ಅಯ್ಯೋ ನನ್ನ ಮಗಳೇ," ಎಂದರು ಅವರು. "ನೀನು ಯಾವುದಕ್ಕೆ ಹೂಂ ಅಂದೆ ಅಂತ ಹೋಗಿ ಕೇಳ್ಕೊಂಡು ಬಾರೇ."

ಡೆಲ್ಫೀನ್ ಎದ್ದಳು. ಅರ್ಧ ತಲೆ ರಾಡು, ಅರ್ಧ ತಲೆ ನೀರು. ಕೊರಳಿಗೆ ಕಟ್ಟಿದ ಕಪ್ಪು ಮೇಲುಹೊದಿಕೆ.

"ಏ, ನಿಲ್ಲೇ. ಸ್ಕಾರ್ಫ್ ಆದ್ರೂ ಕಟ್ಕೊಂಡು ಹೋಗು. ಬೀದಿ ಜನ ಏನಂತಾರೆ?"

ಅವಳು ಆಗಲೇ ಬಾಗಿಲು ದಾಟಿದ್ದಳು.

ಎಂದೂ ಯಾರ ಕಣ್ಣಿಗೂ ಬೀಳದಂತೆ ಗೋಡೆ ಹಿಡಿದು ನಡೆಯುವವಳು ಬೀದಿಯ ನಡುವೆ ಓಡಿದಳು. ಕ್ಷೌರದಂಗಡಿಯ ಮುಂದೆ ಕೂತ ಗಂಡಸರು ಇಸ್ಪೀಟ್ ಎಲೆ ಕೆಳಗಿಟ್ಟು ನೋಡಿದರು. "ಏನಮ್ಮ, ಅಂಗಡಿಗೆ ಬೆಂಕಿ ಬಿತ್ತಾ?" ಎಂದು ಒಬ್ಬ ಕೂಗಿದ. ಅವಳು ತಿರುಗಲಿಲ್ಲ.

ಅಡುಗೆಮನೆಯಲ್ಲಿ ಕಾರ್ನೆಲ್ ಎಣ್ಣೆಯ ಬಾಣಲೆಯ ಮುಂದಿದ್ದ. ತಲೆಯ ಮೇಲೆ ಹೊಗೆ ಎಳೆಯುವ ದೊಡ್ಡ ಫ್ಯಾನು ಗುಡುಗುತ್ತಿತ್ತು. ಅವಳನ್ನು ನೋಡಿ ಅವನ ಕೈಯ ಜಾಲರಿ ಸೌಟು ಕೆಳಗೆ ಬಿತ್ತು. ತುಟಿ ಆಡಿತು.

ಕೇಳಿಸಲಿಲ್ಲ. ಅವಳ ತಲೆ ಅಭ್ಯಾಸದಂತೆ ಆಡಲು ಹೊರಟಿತು...

ತಡೆದಳು. ಗೋಡೆಯ ಬಳಿ ಹೋಗಿ ಫ್ಯಾನಿನ ಸ್ವಿಚ್ ಆರಿಸಿದಳು.

ಒಮ್ಮೆಲೇ ಮೌನ. ಎಣ್ಣೆಯ ಚಿಟಪಟ ಒಂದೇ.

"ಶನಿವಾರ ನೀನು ಏನು ಕೇಳ್ದೆ?" ಎಂದಳು ಏದುಸಿರಿನಲ್ಲಿ.

ಅವನು ಗೊಂದಲದಿಂದ ನೋಡಿದ. "ನೀನೇ ಹೂಂ ಅಂದ್ಯಲ್ಲ."

"ನಂಗೆ ಕೇಳಿಸಿಲ್ಲ ಕಾರ್ನೆಲ್. ಅದರ ಕೆಳಗೆ ಕೂತ್ರೆ ಏನೂ ಕೇಳಿಸಲ್ಲ. ಯಾರು ಏನಂದ್ರೂ ತಲೆ ಆಡಿಸ್ತೀವಿ."

"ಏನೂ ಕೇಳಿಸಲ್ವಾ?"

"ಒಂದಕ್ಷರಾನೂ ಇಲ್ಲ."

ಅವನು ಒಲೆ ಆರಿಸಿದ. ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡ.

"ಆ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲ್ಲ ಅಂತ ಅಲ್ಲಿ ಬಂದು ಹೇಳ್ದೆ," ಎಂದ. "ನಿಂಗೂ ಕೇಳಿಸಲ್ಲ ಅಂತ ಹೊಳೀಲಿಲ್ಲ."

"ಈಗ ಹೇಳು."

"ಟಾಲಿವರ್ ಅವರು ಈಸ್ಟರ್‌ಗೆ ಅವರ ಬೆಂಚಲ್ಲಿ ಕೂತ್ಕೋ ಅಂತ ಕರೆದಿದ್ರು. ನಂಗೆ ನಿನ್ನ ಪಕ್ಕ ಕೂರೋ ಆಸೆ. ಆದ್ರೆ ನಿನ್ನ ಮನಸ್ಸಲ್ಲಿ ಏನಿದೆಯೋ... ನೀನು ಮಾತೇ ಆಡಲ್ಲ. ಅದಕ್ಕೆ, ನಾನು ಅಲ್ಲಿ ಹೋಗಿ ಕೂತ್ರೆ ನಿಂಗೆ ಪರವಾಗಿಲ್ವಾ ಅಂತ ಕೇಳ್ದೆ."

"ನಾನು ಹೂಂ ಅಂದೆ."

"ನಕ್ಕೊಂಡು ಅಂದೆ. ನಂಬಿಕೆ ಬರದೆ ಇನ್ನೊಂದ್ಸಲ ಕೇಳ್ದೆ. ನೀನು ಇನ್ನೂ ಜೋರಾಗಿ ಹೂಂ ಅಂದೆ. ಚರ್ಚಲ್ಲೂ ನಿಂತು ನೋಡ್ದೆ. ಅಲ್ಲೂ ನೀನು ತಲೆ ಆಡಿಸ್ದೆ."

ಅವಳಿಗೆ ಅಳು ಬಂತು, ನಗು ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ. ಒದ್ದೆ ಕೂದಲಿನ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ಈಗ ಮತ್ತೆ ಕೇಳು," ಎಂದಳು.

"ಡೆಲ್ಫೀನ್... ನಾನು ಆ ಬೆಂಚಲ್ಲಿ ಕೂತ್ರೆ ನಿಂಗೆ ಪರವಾಗಿಲ್ವಾ?"

ಅವಳು ತಲೆಯನ್ನು ಅಲುಗಾಡದಂತೆ ಹಿಡಿದಳು. ಮಾತು ಗಂಟಲವರೆಗೆ ಬಂದು ನಿಂತಿತು, ಯಾವತ್ತಿನಂತೆ. ಈ ಸಲ ಅವಳು ಅದನ್ನು ಹೊರಗೆ ತಳ್ಳಿದಳು.

"ಪರವಾ ಇದೆ," ಎಂದಳು. "ಹೋಗ್ಬೇಡ. ಅಲ್ಲೂ ಕೂರ್ಬೇಡ, ಅವರ ಮನೆ ಊಟಕ್ಕೂ ಹೋಗ್ಬೇಡ. ನಂಗೆ ನೀನು ಬೇಕು. ಆ ಕೈಚೀಲ ನಿಂಗೋಸ್ಕರ ಇಟ್ಟಿದ್ದು."

ಅಷ್ಟು ಮಾತು ಅವಳು ಒಟ್ಟಿಗೆ ಎಂದೂ ಆಡಿರಲಿಲ್ಲ. ಕಾರ್ನೆಲ್ ಅವಳ ಮುಖ ನೋಡಿದ. ಹಣೆಯ ಬಳಿ ಸಡಿಲವಾಗಿ ಜೋಲುತ್ತಿದ್ದ ನೇರಳೆ ರಾಡನ್ನು ಬೆರಳ ತುದಿಯಿಂದ ಮೆಲ್ಲಗೆ ಎತ್ತಿ ಮಡಿಸಿದ.

"ಟಾಲಿವರ್ ಅವರ ಮನೆಗೆ ಈಗ್ಲೇ ಹೋಗಿ ನಾನೇ ಹೇಳಿ ಬರ್ತೀನಿ," ಎಂದ. "ಬ್ರಿಯೆಲ್‌ಗೂ ಹೇಳ್ಬೇಕು. ಪಾಪ, ಈಸ್ಟರ್ ದಿನ ಪೂರ್ತಿ ನನ್ನ ಸಪ್ಪೆ ಮುಖ ನೋಡಿ ಸಾಕಾಗಿತ್ತು ಅವಳಿಗೆ."

ಸಂಜೆ ಡೆಲ್ಫೀನ್ ಮತ್ತೆ ಗುಮ್ಮಟದ ಕೆಳಗೆ ಕೂತಿದ್ದಳು. ಈಗ ಪೂರ್ತಿ ತಲೆಗೆ ರಾಡುಗಳಿದ್ದವು. ಪಕ್ಕದ ಖಾಲಿ ಕುರ್ಚಿಯಲ್ಲಿ ಟೋಪಿ ಹಿಡಿದ ಕಾರ್ನೆಲ್. ಡೀಕನ್ ಅವರ ಬೈಗುಳ ತಿಂದು ಬಂದಿದ್ದ, ಆದರೂ ಮುಖ ಹಗುರವಾಗಿತ್ತು.

ಅವನ ತುಟಿ ಆಡಿತು.

ಅವಳು ತಲೆಯಾಡಿಸಲಿಲ್ಲ. ಎರಡೂ ಕೈಯಿಂದ ಗುಮ್ಮಟವನ್ನು ಮೇಲಕ್ಕೆ ಎತ್ತಿದಳು.

"ಏನಂದೆ?"

"ಏ ಹುಡುಗಿ, ಮುಚ್ಚೇ ಅದನ್ನ," ಎಂದರು ಮಿಸ್ ಅರ್ನೆಸ್ಟಿನ್ ಆ ಕಡೆಯಿಂದ. "ಹೀಗೆ ಎತ್ತುತ್ತಾ ಇದ್ರೆ ಒಣಗೋದು ಯಾವಾಗ?"

"ನಿಧಾನಕ್ಕೆ ಒಣಗ್ಲಿ," ಎಂದಳು ಡೆಲ್ಫೀನ್, ಅವನ ಮೇಲಿಂದ ಕಣ್ಣು ತೆಗೆಯದೆ. "ಏನಂದೆ ಹೇಳು."

"ಭಾನುವಾರ ಆ ಕೈಚೀಲನ ಮಡಿಲಲ್ಲಿ ಇಟ್ಕೋತೀಯಾ ಅಂದೆ."

"ಹೂಂ," ಎಂದಳು ಅವಳು, ಬಾಯಿ ಬಿಟ್ಟು, ಎಲ್ಲರಿಗೂ ಕೇಳಿಸುವಂತೆ.