ಟೆಲಿಫೋನಮ್ಮನ ಪಕ್ಕದ ಕುರ್ಚಿ

ಗುರುವಾರದೊಳಗೆ ಕೋಣೆ ಖಾಲಿ ಮಾಡಬೇಕೆಂದು ಅವಳ ಬಾಗಿಲಿಗೆ ಚೀಟಿ ಅಂಟಿಸಿದವನು ಕಂಟ್ರಾಕ್ಟರರ ಮಗ. ಆ ಕಂಟ್ರಾಕ್ಟರರಿಗೆ ದಿನಾ ಬೆನ್ನುಜ್ಜಿ ಸ್ನಾನ ಮಾಡಿಸುತ್ತಿದ್ದವಳು ಅವಳು. ಕಂಟ್ರಾಕ್ಟರು ಇದ್ದ ವೃದ್ಧಾಶ್ರಮದಲ್ಲಿ ಒಂಬತ್ತು ವರ್ಷದಿಂದ ಅವಳು ಆಯಾ. ಇನ್ನೂ ತಿಂಗಳ ಗಡುವು ಇದ್ದಾಗ, ಸೋಪು ಹಚ್ಚುತ್ತ ಒಂದು ಮಾತು ಕೇಳಿಯೂ ನೋಡಿದ್ದಳು.

"ಅದೆಲ್ಲ ಮಗನ ವ್ಯವಹಾರ ಕಣಮ್ಮ. ಹಳೇ ಕಟ್ಟಡ, ಬೀಳಿಸ್ಲೇಬೇಕು," ಎಂದಿದ್ದರು ಅವರು. "ಕಿವಿಯೊಳಗೆ ಸೋಪು ಹೋಗತ್ತೆ, ನೋಡ್ಕೊ."

ಒಬ್ಬಳೇ ಆಗಿದ್ದರೆ ಎಲ್ಲಾದರೂ ನೆಲೆಯೂರಬಹುದಿತ್ತು. ಗಂಡ ಬಿಟ್ಟುಹೋಗಿದ್ದ, ಹೋಗುವಾಗ ತನ್ನ ತಾಯಿಯನ್ನೂ ಬಿಟ್ಟುಹೋಗಿದ್ದ. ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ. ಬಾಡಿಗೆಗೆ ಕೊಡುವವರು ಮೊದಲು ಎಷ್ಟು ಜನ ಎಂದು ಕೇಳುತ್ತಿದ್ದರು, ಆಮೇಲೆ ಆ ಇನ್ನೊಬ್ಬರು ಎದ್ದು ಓಡಾಡುತ್ತಾರಾ ಎಂದು. ಹನ್ನೊಂದು ಮನೆ ನೋಡಿಯಾಗಿತ್ತು. "ನನ್ನ ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಹೋಗೆ," ಎನ್ನುತ್ತಿದ್ದರು ಅತ್ತೆ, "ಯಾರ ಕಡೆಯೋರು ಅಂತ ಕೇಳಿದ್ರೆ ನೆನಪಿಲ್ಲ ಅಂತೀನಿ." ಹಾಗೆಂದವರು ನಿದ್ದೆಯಲ್ಲೂ ಅವಳ ತೋಳು ಬಿಡುತ್ತಿರಲಿಲ್ಲ.

ಆಸೆ ಹುಟ್ಟಿಸಿದವರೂ ಕಂಟ್ರಾಕ್ಟರರೇ. ಪ್ರತಿ ಬುಧವಾರ ಎರಡರಿಂದ ಮೂರೂವರೆಯ ತನಕ ಹಜಾರದ ಮೂಲೆಯ ಮೇಜಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ನಡೆಯುತ್ತಿತ್ತು. ಆಡುವವರು ಕಂಟ್ರಾಕ್ಟರು, ಪೋಸ್ಟ್‌ಮಾಸ್ತರು, ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದಿದ್ದ ಟೆಲಿಫೋನಮ್ಮ, ಮತ್ತೆ ಒಬ್ಬ ವಕೀಲರು. ವಕೀಲರು ತೀರಿಕೊಂಡ ಮೇಲೆ ನಾಲ್ಕನೆಯ ಕೈಯಾಗಿ ಅವಳನ್ನು ಕೂರಿಸಿಕೊಂಡರು. ಅಲ್ಲಿ ಹಣವಿಟ್ಟು ಆಡುವಂತಿರಲಿಲ್ಲ, ಅಂಗಿಯ ಗುಂಡಿಗಳೇ ಪಣ. ಆದರೆ ತಿಂಗಳ ಕೊನೆಯ ಬುಧವಾರ ಒಬ್ಬೊಬ್ಬರೂ ತಮ್ಮದೊಂದು ವಸ್ತುವನ್ನು ಮೇಜಿನ ನಡುವೆ ಇಡುತ್ತಿದ್ದರು. ಗಂಟೆ ಹೊಡೆದಾಗ ಯಾರ ಮುಂದೆ ಹೆಚ್ಚು ಗುಂಡಿಯೋ ಅವರಿಗೆ ಎಲ್ಲವೂ. ಒಂದು ಪೆನ್ನು, ಒಂದು ಗಡಿಯಾರ, ಕಿಟಕಿ ಪಕ್ಕದ ಕುರ್ಚಿಯ ಹಕ್ಕು, ಹೀಗೆ.

"ಮುಂದಿನ ಸಲ ಇದನ್ನಿಡ್ತೀನಿ," ಎಂದು ಹೋದ ತಿಂಗಳ ಕೊನೆಯ ಬುಧವಾರ ಕಂಟ್ರಾಕ್ಟರು ಒಂದು ಕೀಲಿಕೈ ಆಡಿಸಿದರು. "ಗ್ಯಾರೇಜಿನ ಪಕ್ಕದ ಕೋಣೆ. ನನ್ನ ಹೆಸರಲ್ಲೇ ಇದೆ, ಮಗಂದಲ್ಲ. ಗೆದ್ದೋರು ಬದುಕಿರೋವರೆಗೂ ಇರಬಹುದು."

"ಬದುಕಿರೋವರೆಗೂ ಅಂದ್ರೆ ಮಂಗಳವಾರದವರೆಗಾ, ಶುಕ್ರವಾರದವರೆಗಾ?" ಎಂದರು ಪೋಸ್ಟ್‌ಮಾಸ್ತರು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಕೋಣೆಯನ್ನು ಅವಳು ನೋಡಿದ್ದಳು. ನೆಲಮಟ್ಟದಲ್ಲಿತ್ತು, ಎರಡು ಕಿಟಕಿ, ಬಾಗಿಲ ಹೊರಗೆ ನಲ್ಲಿ. ಅತ್ತೆಯ ಮಂಚ ಯಾವ ಗೋಡೆಗೆ ಎಂಬುದನ್ನು ಅಲ್ಲೇ ಕೂತು ಗೊತ್ತುಮಾಡಿಬಿಟ್ಟಳು.

ವಕೀಲರ ಕಪಾಟು ಖಾಲಿ ಮಾಡುವಾಗ ಪೋಕರ್ ಕಲಿಸುವ ಪುಸ್ತಕವೊಂದು ಸಿಕ್ಕಿತ್ತು, ಅಂಚಿನ ತುಂಬ ಅವರ ಪೆನ್ಸಿಲ್ ಬರಹ. ಅದನ್ನು ಬಸ್ಸಿನಲ್ಲಿ ಓದಿದಳು, ಬಕೆಟ್ಟು ತುಂಬುವವರೆಗೆ ನಲ್ಲಿಯ ಬಳಿ ನಿಂತು ಓದಿದಳು. ಕೆಟ್ಟ ಎಲೆ ಬಂದರೆ ಬಿಡು, ಬಿಡುವುದೇ ಅರ್ಧ ವಿದ್ಯೆ. ಒಳ್ಳೆಯ ಎಲೆ ಬಂದಾಗ ನಾಚಬೇಡ. ಎಲೆ ನೋಡುವ ಮೊದಲು ಮನುಷ್ಯರನ್ನು ನೋಡು. ವಕೀಲರು ಎರಡೆರಡು ಗೆರೆ ಎಳೆದಿದ್ದ ಸಾಲು ಬೇರೆಯದು: ಆಟ ಸುಧಾರಿಸಲು ವರ್ಷಗಳು ಬೇಕು, ಒಳ್ಳೆಯ ಮೇಜು ಹುಡುಕಲು ಒಂದು ದಿನ ಸಾಕು, ನಿನಗಿಂತ ದುರ್ಬಲರು ಆಡುವ ಕಡೆ ಹೋಗು, ಅವರಲ್ಲೂ ಎಲ್ಲರಿಗಿಂತ ದುರ್ಬಲರ ಪಕ್ಕ ಕೂರು.

ಇದಕ್ಕಿಂತ ಒಳ್ಳೆಯ ಮೇಜು ಇನ್ನೆಲ್ಲಿ? ಕಂಟ್ರಾಕ್ಟರರಿಗೆ ಒಳ್ಳೆಯ ಎಲೆ ಬಂದರೆ ಅಲ್ಲಾಡುವ ಎಡಗಾಲು ನಿಲ್ಲುತ್ತಿತ್ತು. ಪೋಸ್ಟ್‌ಮಾಸ್ತರು ಸುಳ್ಳಾಡುವಾಗ ಸ್ಟಾಂಪು ಅಂಟಿಸುವವರಂತೆ ಹೆಬ್ಬೆರಳು ನೆಕ್ಕುತ್ತಿದ್ದರು. ಟೆಲಿಫೋನಮ್ಮನಿಗಂತೂ ನೋಟದ ನಟ್ಟನಡುವೆ ಹೊಗೆ ಕಟ್ಟಿದಂತೆ, ದಪ್ಪ ಅಂಕಿಯ ಎಲೆಯನ್ನೂ ಭೂತಗನ್ನಡಿ ಹಿಡಿದು ನೋಡಬೇಕು. ಅವಳು ಅವರ ಪಕ್ಕದ ಕುರ್ಚಿ ಹಿಡಿದಳು.

ಆದರೂ ಮೊದಲ ಬುಧವಾರ ಗುಂಡಿಗಳೆಲ್ಲ ಹೋದವು. ದಡದಲ್ಲಿ ಕೂತು ಈಜು ಓದಿದ ಹಾಗಾಗಿತ್ತು. ಕಲಿಯಲು ವರ್ಷಗಳಿರಲಿಲ್ಲ, ಇನ್ನು ಮೂರು ಬುಧವಾರ ಇದ್ದವು.

ಆಗ ಸೂಜಿ ತೆಗೆದುಕೊಂಡಳು. ದಿಂಬಿನ ಚೀಲ ಹೊಲಿಯುವ ನೆಪದಲ್ಲಿ ಬಟ್ಟೆಕೋಣೆಯ ಬಾಗಿಲು ಹಾಕಿಕೊಂಡು, ಇದ್ದುದರಲ್ಲಿ ಅತಿ ಸಣ್ಣ ಸೂಜಿಯಿಂದ ಹಜಾರದ ಇಸ್ಪೀಟು ಕಟ್ಟಿನ ದೊಡ್ಡ ಎಲೆಗಳ ಮೂಲೆಯನ್ನು ಮುಂದಿನಿಂದ ಚುಚ್ಚಿದಳು. ಹಿಂಬದಿಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಉಬ್ಬು ಎದ್ದಿತು. ಎಕ್ಕಕ್ಕೆ ಒಂದು, ರಾಜನಿಗೆ ಎರಡು, ರಾಣಿಗೆ ಮೂರು, ಗುಲಾಮನಿಗೆ ನಾಲ್ಕು. ತಿರುಗಿಸಿ ಹಿಡಿದರೂ ಸಿಗಲೆಂದು ಎದುರು ಮೂಲೆಗೂ ಅಷ್ಟೇ. ಹಂಚುವ ಸರದಿ ತನಗೆ ಬಂದಾಗ ಯಾರಿಗೆ ಯಾವ ಎಲೆ ಹೋಯಿತೆಂದು ಹೆಬ್ಬೆರಳು ಹೇಳುತ್ತಿತ್ತು. ಕಣ್ಣಿಗೆ ಕಾಣುವ ಗುರುತಲ್ಲ. ಕಂಡರೂ ಯಾರಿಗೆ, ಆ ಮೇಜಿನ ಮೂರು ಜೋಡಿ ಕಣ್ಣು ಕೂಡಿಸಿದರೂ ಒಂದು ನೆಟ್ಟಗಿನ ಕಣ್ಣಾಗುತ್ತಿರಲಿಲ್ಲ. ಬೆರಳುಗಳ ಬಗ್ಗೆಯೂ ಯೋಚಿಸದೆ ಬಿಡಲಿಲ್ಲ. ಇಟ್ಟಿಗೆ ಹಿಡಿದು ಕಂಟ್ರಾಕ್ಟರರ ಬೆರಳು ಜಡ್ಡುಗಟ್ಟಿದ್ದವು, ಪೋಸ್ಟ್‌ಮಾಸ್ತರರವು ನಡುಗುತ್ತಿದ್ದವು. ಟೆಲಿಫೋನಮ್ಮನ ಉಗುರು ಕತ್ತರಿಸುವವಳು ಅವಳೇ. ಬೆರಳ ತುದಿಗೆ ಕ್ರೀಮು ಹಚ್ಚಲು ಹೋದರೆ "ಅಲ್ಲಿಗೆ ಬೇಡ" ಎಂದು ಕೈ ಎಳೆದುಕೊಳ್ಳುತ್ತಿದ್ದರು. ವಯಸ್ಸಾದವರಿಗೆ ಒಂದೊಂದು ಹಟ.

ಸೋಪುನೀರಿಗೆ ಒಡೆದಿದ್ದ ತನ್ನ ಹೆಬ್ಬೆರಳನ್ನು ಒರಟು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಂಡಳು. ಮನೆಯಲ್ಲಿ ಹಳೆಯ ರಟ್ಟಿಗೆ ಚುಚ್ಚಿ, ಕಣ್ಣು ಮುಚ್ಚಿ ಸವರಿ ಅಭ್ಯಾಸ ಮಾಡಿದಳು.

"ಏನೇ ಅದು ಸವರ್ತಾ ಕೂತಿದೀಯ?" ಎಂದರು ಅತ್ತೆ.

"ಪಾಠ ಅತ್ತೆ."

"ನಲವತ್ತಾದ್ಮೇಲೆ ಪಾಠ. ಮೊದಲೇ ಓದಿದ್ರೆ ನನ್ನ ಮಗನ್ನ ಕಟ್ಕೊಳ್ತಿರಲಿಲ್ಲ ಬಿಡು."

ಎರಡನೆಯ, ಮೂರನೆಯ ಬುಧವಾರ ಬೇಕೆಂದೇ ಗೆಲ್ಲಲಿಲ್ಲ, ಗುರುತುಗಳನ್ನು ಪರೀಕ್ಷಿಸಿದಳು ಅಷ್ಟೆ. ಮೂರನೆಯ ವಾರ ಟೆಲಿಫೋನಮ್ಮ ಎರಡು ಆಟ ಗೆದ್ದರು. ಒಳ್ಳೆಯದೇ ಆಯಿತು ಅಂದುಕೊಂಡಳು, ಗೆಲುವು ಹಂಚಿಹೋದರೆ ಅನುಮಾನ ಹುಟ್ಟುವುದಿಲ್ಲ.

ಕೊನೆಯ ಬುಧವಾರ ಬೆಳಿಗ್ಗೆ ಅತ್ತೆಯ ದಿಂಬು ಬದಲಿಸುವಾಗ, ಅದರಡಿಯ ಡಬ್ಬಿಯಿಂದ ಅವರ ಕಿವಿಯೋಲೆ ತೆಗೆದುಕೊಂಡಳು. ಸಂಜೆಯೊಳಗೆ ವಾಪಸು ಇಡುವ ವಸ್ತು, ಕದ್ದದ್ದೆಂದು ಹೇಗೆ ಹೇಳುವುದು?

ಮೇಜಿನ ನಡುವೆ ಕೀಲಿಕೈ, ಓಲೆ, ಪೋಸ್ಟ್‌ಮಾಸ್ತರರ ಪೆನ್ನು, ಟೆಲಿಫೋನಮ್ಮನ ಉಣ್ಣೆಯ ಶಾಲು. ಟೆಲಿಫೋನಮ್ಮ ಆಗಲೇ ಹೊರಡುವ ಉಡುಪಿನಲ್ಲಿದ್ದರು. ಎಂಟು ತಿಂಗಳಿಂದ ಬುಧವಾರ ನಾಲ್ಕಕ್ಕೆ ಅವರನ್ನು ಕ್ಲಾಸಿಗೆ ಒಯ್ಯಲು ವ್ಯಾನು ಬರುತ್ತಿತ್ತು. ಅವರ ಭಾರದ ಚೀಲವನ್ನು ವ್ಯಾನಿನ ತನಕ ಹೊರುವುದು ಅವಳ ಕೆಲಸ.

"ಎಪ್ಪತ್ತೆಂಟಕ್ಕೆ ಸ್ಕೂಲು," ಎಂದರು ಕಂಟ್ರಾಕ್ಟರು. "ಪಾಸಾದ್ರೆ ಮದುವೆ ಮಾಡ್ತಾರಂತಾ?"

"ಹುಡುಗ ಗೊತ್ತಾಗಿದಾನೆ. ನಿಮ್ಮಷ್ಟು ಬೋಳಿಲ್ಲ."

ಆಟ ಅವಳು ಬರೆದಿಟ್ಟ ಹಾಗೆಯೇ ಸಾಗಿತು. ತಾನು ಹಂಚಿದಾಗಲೆಲ್ಲ ಗೆದ್ದಳು, ಉಳಿದವರು ಹಂಚಿದಾಗ ತಗ್ಗಿದಳು. ಮೂರು ಇಪ್ಪತ್ತಕ್ಕೆ ಕಂಟ್ರಾಕ್ಟರರಿಗಿಂತ ಬರೀ ಏಳು ಗುಂಡಿ ಹಿಂದಿದ್ದಳು, ಟೆಲಿಫೋನಮ್ಮ ಅವಳಿಗಿಂತ ಮೂರು ಹಿಂದೆ. ಉಳಿದದ್ದು ಒಂದೇ ಆಟ, ಹಂಚುವ ಸರದಿ ಟೆಲಿಫೋನಮ್ಮನದು. ಅವರು ಎಲೆ ಕಲಸುವುದು ನಿಧಾನ. ಒಂದೊಂದನ್ನೂ ಬೆರಳಲ್ಲಿ ಹಿಡಿದು, ಆಚೆಗಿಟ್ಟು, ಈಚೆಗಿಟ್ಟು.

"ನೀವು ಕಲಸೋದ್ರೊಳಗೆ ನಮಗೆ ಇನ್ನೊಂದು ವರ್ಷ ವಯಸ್ಸಾಗತ್ತೆ," ಎಂದರು ಪೋಸ್ಟ್‌ಮಾಸ್ತರು.

"ಆಗ್ಲಿ ಬಿಡಿ, ಅಷ್ಟು ಬದುಕಿದ ಹಾಗಾಯ್ತು."

ಐದೈದು ಎಲೆ ಬಂದವು. ಅವಳು ಎತ್ತಿ ನೋಡಿದಳು. ಮೂರು ರಾಣಿ. ಬದಲಿಸಿಕೊಂಡ ಎರಡು ಎಲೆಯಿಂದ ಏನೂ ಸೇರಲಿಲ್ಲ, ಸೇರಬೇಕಾಗಿಯೂ ಇರಲಿಲ್ಲ. ಕಂಟ್ರಾಕ್ಟರರ ಎಡಗಾಲು ಅಲ್ಲಾಡುತ್ತಲೇ ಇತ್ತು. ಪೋಸ್ಟ್‌ಮಾಸ್ತರು ಹೆಬ್ಬೆರಳು ನೆಕ್ಕಿ, ಮನಸ್ಸು ಬದಲಿಸಿ ಎಲೆ ಬಿಟ್ಟರು. ಒಳ್ಳೆಯ ಎಲೆ ಬಂದಾಗ ನಾಚಬೇಡ. ಎದುರಿಗಿದ್ದ ಗುಂಡಿಗಳನ್ನೆಲ್ಲ ಎರಡು ಕೈಯಿಂದ ನಡುವಿಗೆ ತಳ್ಳಿದಳು. ಕಂಟ್ರಾಕ್ಟರು ಬಿಟ್ಟರು.

ಟೆಲಿಫೋನಮ್ಮ ಭೂತಗನ್ನಡಿ ಪಕ್ಕಕ್ಕಿಟ್ಟರು. "ಅಷ್ಟೂನಾ ಮಗಳೇ?"

"ಅಷ್ಟೂ."

"ಓಲೆ ಯಾರದ್ದು?"

"ನನ್ನದೇ."

"ಇನ್ನೊಂದು ಸಲ ಯೋಚನೆ ಮಾಡು. ಈಗಲೂ ವಾಪಸ್ ತಗೋಬಹುದು, ನಾನೇನೂ ಅನ್ನಲ್ಲ."

ಹೆದರಿದ್ದಾರೆ ಅಂದುಕೊಂಡಳು. ಹೆದರಿದವರೇ ಹೀಗೆ ಉಪಕಾರದ ಮಾತಾಡುವುದು ಎಂದು ವಕೀಲರು ಅಂಚಿನಲ್ಲಿ ಬರೆದಿದ್ದರು. "ತಗೊಳ್ಳಲ್ಲ," ಎಂದಳು.

"ಸರಿ ಹಾಗಾದ್ರೆ." ಟೆಲಿಫೋನಮ್ಮ ತಮ್ಮ ಗುಂಡಿಗಳನ್ನೂ ತಳ್ಳಿ ಎಲೆ ಬಿಚ್ಚಿದರು. ಮೂರು ರಾಜ. ಗಂಟೆ ಹೊಡೆಯಿತು. ಕಂಟ್ರಾಕ್ಟರು ತೊಡೆ ತಟ್ಟಿ ನಕ್ಕರು. ಕೀಲಿಕೈಯನ್ನೂ ಓಲೆಯನ್ನೂ ಶಾಲಿನ ತುದಿಗೆ ಗಂಟು ಹಾಕಿಕೊಂಡ ಟೆಲಿಫೋನಮ್ಮ, ಚೀಲ ತರಲು ಹೇಳಿದರು.

ಅದೃಷ್ಟ, ಬರೀ ಅದೃಷ್ಟ ಎಂದುಕೊಳ್ಳುತ್ತ ಅವಳು ಚೀಲ ಎತ್ತಿದಳು. ಅತ್ತೆಯ ಬರಿಗಿವಿ ಕಣ್ಣ ಮುಂದಿತ್ತು. ಚೀಲ ಜಾರಿತು, ಒಳಗಿದ್ದ ದಪ್ಪ ಪುಸ್ತಕ ನೆಲಕ್ಕೆ ಬಿದ್ದು ತೆರೆದುಕೊಂಡಿತು. ಎಂಟು ತಿಂಗಳು ಆ ಚೀಲ ಹೊತ್ತಿದ್ದಳು, ಅದು ಏನು ಕ್ಲಾಸು ಎಂದು ಒಂದು ಸಲವೂ ಕೇಳಿರಲಿಲ್ಲ. ಹಾಳೆಯ ಮೇಲೆ ಮಸಿಯ ಒಂದು ಅಕ್ಷರವಿಲ್ಲ. ಅಂಚಿನಿಂದ ಅಂಚಿಗೆ ಸಾಸಿವೆಯ ಕಾಲುಭಾಗದಷ್ಟು ಉಬ್ಬುಚುಕ್ಕಿಗಳು, ಒಂದು, ಎರಡು, ಮೂರು, ನಾಲ್ಕು, ಕಣ್ಣು ಹೋಗುವವರು ಬೆರಳಿಂದ ಓದಲೆಂದು ಎದ್ದ ಸಾಲುಗಳು. ಟೆಲಿಫೋನಮ್ಮ ಬಗ್ಗಿ, ತಡವಿ, ಪುಸ್ತಕ ಎತ್ತಿಕೊಂಡರು. "ಇನ್ನು ಮುಂದೆ ಸ್ವಲ್ಪ ದಪ್ಪ ಸೂಜಿ ತಗೋ ಮಗಳೇ," ಎಂದರು, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಗುಲಾಮನ ನಾಲ್ಕನೇ ಚುಕ್ಕಿ ಬೆರಳಿಗೆ ಸಿಗೋದೇ ಇಲ್ಲ."